ಫ್ರೆಂಚ್ ಸಾಹಿತ್ಯದಲ್ಲಿ ಕಳ್ಳಮುದ್ರಣ ಮತ್ತು ಸುಳ್ಳು ಕರ್ತೃತ್ವ: 19ನೆಯ ಶತಮಾನ

19ನೆಯ ಶತಮಾನದ ಫ್ರೆಂಚ್ ಪುಸ್ತಕದಲ್ಲಿ ಅಚ್ಚಾದ ಊರು, ಪ್ರಕಾಶಕ, ಲೇಖಕ ಈ ಮೂರನ್ನೂ ಪರಿಶೀಲಿಸದೆ ನಂಬುವಂತಿಲ್ಲ.

ಕಳ್ಳಮುದ್ರಣದ ದೊಡ್ಡ ಕೇಂದ್ರ ಬ್ರಸೆಲ್ಸ್. ಫ್ರಾನ್ಸಿನ ಹಕ್ಕುಸ್ವಾಮ್ಯ ಅದರ ಗಡಿಯಲ್ಲೇ ಮುಗಿಯುತ್ತಿದ್ದುದರಿಂದ 1815ರ ನಂತರ ಅಲ್ಲಿ ಈ ವ್ಯಾಪಾರ ಬಹಿರಂಗವಾಗಿಯೇ ಬೆಳೆಯಿತು. ಮೆಲಿನ್, ಔಮಾನ್ ಮೊದಲಾದವರು ತಮ್ಮ ಹೆಸರಿನಲ್ಲೇ ಅಚ್ಚು ಹಾಕಿದರು. ಪ್ಯಾರಿಸ್‌ನಲ್ಲಿ ಕಾದಂಬರಿಗಳು ಬಾಡಿಗೆ ವಾಚನಾಲಯಗಳನ್ನು ನೆಚ್ಚಿಕೊಂಡು, ಅಗಲ ಅಂಚಿನ ಎರಡೆರಡು ಸಂಪುಟಗಳಾಗಿ, ಸಂಪುಟಕ್ಕೆ ಏಳೂವರೆ ಫ್ರಾಂಕ್‌ನಂತೆ ಬರುತ್ತಿದ್ದವು. ಬ್ರಸೆಲ್ಸ್‌ನವರು ಅದನ್ನೇ ಒತ್ತೊತ್ತಾಗಿ ಜೋಡಿಸಿ ಅಗ್ಗದ ಪುಟ್ಟ ಪುಸ್ತಕ ಮಾಡಿದರು. ಲೇಖಕನಿಗೆ ಬಿಡಿಗಾಸೂ ಇಲ್ಲ. 1834ರಲ್ಲಿ ಬಾಲ್ಝಾಕ್ ಬಹಿರಂಗ ಪತ್ರ ಬರೆದು ಲೇಖಕರು ಒಗ್ಗೂಡಬೇಕೆಂದ. 1838ರಲ್ಲಿ ಲೇಖಕರ ಸಂಘ ಹುಟ್ಟಿತು. ಅದೇ ವರ್ಷ ಪ್ರಕಾಶಕ ಶಾರ್ಪಾಂತಿಯೆ ಮೂರೂವರೆ ಫ್ರಾಂಕ್‌ನ ಮಾಲೆ ತಂದು ಬೆಲೆಯಿಂದಲೇ ಉತ್ತರ ಕೊಟ್ಟ. ಒಂದು ಮಾತನ್ನು ಮರೆಯಬಾರದು: ಪ್ಯಾರಿಸ್‌ನ ಗಲಿನ್ಯಾನಿ, ಬೋದ್ರಿ ಸಂಸ್ಥೆಗಳೂ ಇಂಗ್ಲಿಷ್ ಪುಸ್ತಕಗಳನ್ನು ಹೀಗೆಯೇ ಮುದ್ರಿಸುತ್ತಿದ್ದವು.

ಗ್ರಂಥಸೂಚಿಕಾರರಿಗೆ ಹೆಚ್ಚು ತೊಡಕು ತಂದದ್ದು ಕದ್ದದ್ದಲ್ಲ, ಮೊದಲೇ ಕದ್ದದ್ದು. ಪತ್ರಿಕೆಯ ಧಾರಾವಾಹಿ ಕಂತುಗಳನ್ನು ಕೂಡಿಸಿ, ಪ್ಯಾರಿಸ್‌ನಲ್ಲಿ ಪುಸ್ತಕ ಬರುವ ಮುನ್ನವೇ ಬ್ರಸೆಲ್ಸ್‌ನಲ್ಲಿ ಹೊರತರುತ್ತಿದ್ದರು. ಹೀಗಾಗಿ ಎಷ್ಟೋ ಕೃತಿಗಳ ಕಾಲಕ್ರಮದ ಮೊದಲ ಮುದ್ರಣ ಕಳ್ಳಮುದ್ರಣವೇ. ಲೇಖಕ ಆಮೇಲೆ ತಿದ್ದಿದ್ದು ಅದರಲ್ಲಿ ಇರುವುದಿಲ್ಲ. ತನ್ನ ಕಾದಂಬರಿ ‘ಲ ಲೀಸ್ ದಾಂ ಲಾ ವಾಲೇ’ಯ ತಿದ್ದದ ಕರಡಚ್ಚನ್ನು ಪತ್ರಿಕಾ ಸಂಪಾದಕ ಬ್ಯುಲೋಜ್ ಸೇಂಟ್ ಪೀಟರ್ಸ್‌ಬರ್ಗಿನ ಪತ್ರಿಕೆಯೊಂದಕ್ಕೆ ಒದಗಿಸಿದಾಗ ಬಾಲ್ಝಾಕ್ ಮುಂದಿನ ಭಾಗ ಕೊಡಲು ನಿರಾಕರಿಸಿದ. 1836ರ ಮೊಕದ್ದಮೆಯಲ್ಲಿ ತೀರ್ಪು ಅವನ ಪರವಾಯಿತು.

1852ರ ಫ್ರಾನ್ಸ್–ಬೆಲ್ಜಿಯಂ ಒಪ್ಪಂದ 1854ರಲ್ಲಿ ಜಾರಿಗೆ ಬಂದು ಈ ವ್ಯಾಪಾರ ನಿಂತಿತು. ಪುಸ್ತಕದ ಮೇಲೆ ಸುಳ್ಳು ಊರಿನ ಹೆಸರು ಹಾಕುವುದು ಮಾತ್ರ ನಿಲ್ಲಲಿಲ್ಲ, ಅದಕ್ಕೆ ಕಾರಣ ರಾಜಕೀಯ ಮತ್ತು ಸೆನ್ಸಾರ್. ಹ್ಯೂಗೋನ ‘ಶಾತಿಮಾಂ’ (1853) ಬ್ರಸೆಲ್ಸ್‌ನಲ್ಲಿ ಅಚ್ಚಾದರೂ ಅದರ ಪೂರ್ಣ ಪಾಠದ ಮೇಲಿದ್ದದ್ದು ಜಿನೀವಾ, ನ್ಯೂಯಾರ್ಕ್. ಬೋದಲೇರ್‌ನ ನಿಷೇಧಿತ ಆರು ಕವಿತೆಗಳನ್ನು 1866ರಲ್ಲಿ ಪ್ರಕಾಶಕ ಪುಲೆ-ಮಾಲಾಸಿಸ್ ಬ್ರಸೆಲ್ಸ್‌ನಿಂದಲೇ ತಂದ. ಶೀರ್ಷಿಕೆ ಪುಟದಲ್ಲಿ ಮಾತ್ರ ಆಮ್‌ಸ್ಟರ್‌ಡ್ಯಾಮ್ ಎಂದಿತ್ತು.

ಸುಳ್ಳು ಕರ್ತೃತ್ವದಲ್ಲಿ ಮೆರಿಮೆಯ ‘ಕ್ಲಾರಾ ಗಜುಲ್’ (1825) ಪ್ರಸಿದ್ಧ. ತನ್ನ ನಾಟಕಗಳನ್ನು ಅವನು ಇಲ್ಲದ ಸ್ಪ್ಯಾನಿಷ್ ನಟಿಯ ಹೆಸರಿಗೆ ಬರೆದ. ಇಂಥವನ್ನು ಬಯಲಿಗೆಳೆಯಲು ಗ್ರಂಥಸೂಚಿಕಾರ ಕೆರಾರ್ 1845ರಿಂದ ಒಂದು ಬೃಹತ್ ಸೂಚಿಯನ್ನೇ ಹೊರತಂದ. ಆದರೆ ಹೆಚ್ಚು ಕಾಲ ಹಾನಿ ಮಾಡಿದವನು ಲಾಮೊತ್-ಲಾಂಗೊನ್. ಮದಾಂ ದ್ಯು ಬಾರಿಯ ‘ಸ್ಮೃತಿ’ಗಳನ್ನು ತಾನೇ ಬರೆದವನು, 1829ರ ತನ್ನ ಇಂಕ್ವಿಸಿಶನ್ ಇತಿಹಾಸದಲ್ಲಿ ಇಲ್ಲದ ದಾಖಲೆಗಳನ್ನು ಉದ್ಧರಿಸಿ 14ನೆಯ ಶತಮಾನದ ತುಲೂಸ್‌ನಲ್ಲಿ ಮಾಟಗಾತಿಯರ ಸಾಮೂಹಿಕ ವಿಚಾರಣೆಗಳನ್ನೇ ಸೃಷ್ಟಿಸಿದ. 1970ರ ದಶಕದಲ್ಲಿ ಇತಿಹಾಸಕಾರರಾದ ನಾರ್ಮನ್ ಕೋನ್ ಮತ್ತು ರಿಚರ್ಡ್ ಕೀಕ್‌ಹೆಫರ್ ಬೇರೆ ಬೇರೆಯಾಗಿ ಇದನ್ನು ಪತ್ತೆ ಹಚ್ಚುವವರೆಗೂ ವಿದ್ವಾಂಸರು ಆ ವಿಚಾರಣೆಗಳನ್ನು ಆಧಾರವಾಗಿ ಬಳಸುತ್ತಲೇ ಬಂದಿದ್ದರು.