ಮಿರಜ್-ಸಾಂಗಲಿ ರೈಲು ಮಾರ್ಗಗಳು

ಮಹಾರಾಷ್ಟ್ರದ ಸಾಂಗಲಿ, ಮಿರಜ್, ಕುಪವಾಡ ಪರಿಸರದ ರೈಲು ಮಾರ್ಗಗಳ ಸಮೂಹ. ಈ ಮೂರು ಊರುಗಳು 1998ರಿಂದ ಒಂದೇ ಮಹಾನಗರಪಾಲಿಕೆಗೆ ಸೇರಿವೆ. ಹಳಿ ಹಾಕಿದವರು ಮಾತ್ರ ಬೇರೆ ಬೇರೆ: ಮುಖ್ಯ ಮಾರ್ಗ ಒಂದು ಕಂಪನಿಯದು, ಎರಡು ಕವಲುಗಳು ಎರಡು ಸಂಸ್ಥಾನಗಳವು, ಕಿರುಹಳಿ ಇನ್ನೊಂದು ಕಂಪನಿಯದು. ಹೀಗಾಗಿ ಇಲ್ಲಿಗೆ ರೈಲು ಬಂದ ಕಾಲವನ್ನು ಒಂದೇ ಇಸವಿಯಲ್ಲಿ ಹೇಳಲು ಬರುವುದಿಲ್ಲ.

ಮೀಟರ್‌ಗೇಜ್ ಕಾಲ

1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಪುಣೆಯಿಂದ ಮಿರಜ್, ಬೆಳಗಾವಿಗಳ ಮೂಲಕ ಲೋಂಡಾಕ್ಕೆ ಮೀಟರ್‌ಗೇಜ್ ಹಳಿ ಹಾಕಿತು. ಕೊಲ್ಹಾಪುರ ಸಂಸ್ಥಾನದ ಮಿರಜ್-ಕೊಲ್ಹಾಪುರ ಮಾರ್ಗ 1891ರಲ್ಲಿ ತೆರೆಯಿತು. 1907ರಲ್ಲಿ ಸಾಂಗಲಿ ಸಂಸ್ಥಾನ ಮಿರಜಿನಿಂದ ತನ್ನ ರಾಜಧಾನಿಗೆ ಸುಮಾರು 8 ಕಿ.ಮೀ. ಉದ್ದದ ಕವಲನ್ನು ತಂದುಕೊಂಡಿತು.

ಸಾಂಗಲಿ ನಿಲ್ದಾಣದ ವಿಷಯದಲ್ಲಿ ಎಚ್ಚರ ಬೇಕು. ಸಂಸ್ಥಾನ ಕಾಲದ ದಾಖಲೆಗಳ ‘ಸಾಂಗಲಿ’ ಕವಲಿನ ಕಟ್ಟಕಡೆಯ ನಿಲ್ದಾಣ. ಈಗಿನ ಸಾಂಗಲಿ ಪುಣೆ-ಮಿರಜ್ ಮುಖ್ಯ ಮಾರ್ಗದ ನಡುವಿನದು. ಎರಡನ್ನೂ ಒಂದೆಂದು ಓದಿದರೆ ಮಾರ್ಗದ ನಕ್ಷೆಯೇ ತಪ್ಪುತ್ತದೆ.

ಕಿರುಹಳಿ

ಬಾರ್ಸಿ ಲೈಟ್ ರೈಲ್ವೆಯ ವಿಷಯದಲ್ಲೂ ಇಸವಿಗಳು ಬೆರೆತುಹೋಗುವ ಸಂಭವವಿದೆ. ಎವರಾರ್ಡ್ ಕ್ಯಾಲ್‌ಥ್ರಾಪ್ ಎಂಬ ಇಂಗ್ಲಿಷ್ ಎಂಜಿನಿಯರ್ ರೂಪಿಸಿದ ಈ ಮಾರ್ಗ 1897ರಲ್ಲಿ ಕುರ್ಡುವಾಡಿ-ಬಾರ್ಸಿ ನಡುವೆ ಆರಂಭವಾಯಿತು. 1906ರಲ್ಲಿ ಪಂಢರಪುರವನ್ನು, 1911ರಲ್ಲಿ ಲಾತೂರನ್ನು ಮುಟ್ಟಿತು. ಮಿರಜಿಗೆ ಬಂದದ್ದು 1927ರಲ್ಲಿ, ಅಂದರೆ ಮೊದಲ ಗಾಡಿ ಓಡಿ ಮೂವತ್ತು ವರ್ಷಗಳಾದ ಮೇಲೆ.

ಹಳಿಗಳ ನಡುವಿನ ಅಂತರ 762 ಮಿ.ಮೀ., ಅಂದರೆ ಎರಡೂವರೆ ಅಡಿ. ಎಂಜಿನ್ನಾಗಲಿ ವ್ಯಾಗನ್ನಾಗಲಿ, ಒಂದು ಅಚ್ಚಿನ ಮೇಲೆ ಐದು ಟನ್ನಿಗಿಂತ ಹೆಚ್ಚು ಭಾರ ಬೀಳಬಾರದೆಂಬುದು ಕ್ಯಾಲ್‌ಥ್ರಾಪ್‌ನ ಲೆಕ್ಕ. ಇದರಿಂದ ಹಗುರ ಹಳಿ ಸಾಕಾಗುತ್ತಿತ್ತು, ಖರ್ಚು ಇಳಿಯುತ್ತಿತ್ತು. ಜತ್, ಸಾಂಗೋಲೆ ಕಡೆಯ ಒಣ ಸೀಮೆಯನ್ನೂ ಪಂಢರಪುರದ ಯಾತ್ರಿಕರನ್ನೂ ಮಿರಜಿಗೆ ಜೋಡಿಸಿದ್ದು ಈ ಹಳಿ. 1954ರಲ್ಲಿ ಇದು ಸರ್ಕಾರದ ವಶವಾಯಿತು.

ಮೂರು ಗೇಜುಗಳ ಜಂಕ್ಷನ್

1971ರಲ್ಲಿ ಪುಣೆ-ಮಿರಜ್-ಕೊಲ್ಹಾಪುರ ಮಾರ್ಗ ಬ್ರಾಡ್‌ಗೇಜ್ ಆಯಿತು. ಬೆಳಗಾವಿ ಕಡೆ ಮೀಟರ್‌ಗೇಜ್, ಕುರ್ಡುವಾಡಿ ಕಡೆ ನ್ಯಾರೋಗೇಜ್ ಹಾಗೆಯೇ ಉಳಿದುದರಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಮಿರಜಿನಲ್ಲಿ ಮೂರು ಅಳತೆಯ ಹಳಿಗಳಿದ್ದವು. ಮುಂಬಯಿಯಿಂದ ಶೇಡಬಾಳ, ಕುಡಚಿ, ಬೆಳಗಾವಿಗೆ ಹೊರಟವರು ಗಂಟುಮೂಟೆಯೊಂದಿಗೆ ಇಲ್ಲಿ ಇಳಿದು ಗಾಡಿ ಬದಲಿಸಬೇಕಿತ್ತು. ಸರಕನ್ನೂ ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ತುಂಬಬೇಕಿತ್ತು.

ಲೋಂಡಾ ಮಾರ್ಗ 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಕುರ್ಡುವಾಡಿ ಕಡೆಯ ಕಿರುಹಳಿ ಮುಂದಿನ ದಶಕದಲ್ಲಿ ಹಂತಹಂತವಾಗಿ ಮರೆಯಾಗಿ ಅಲ್ಲೂ ಬ್ರಾಡ್‌ಗೇಜ್ ಬಂತು.

ನೀರಿನ ರೈಲು

ಈ ಬದಲಾವಣೆಯ ಬೆಲೆ 2016ರ ಏಪ್ರಿಲ್‌ನಲ್ಲಿ ಕಣ್ಣಿಗೆ ಕಂಡಿತು. ಬರದಲ್ಲಿ ಬಾಯಾರಿದ ಲಾತೂರಿಗೆ ಮಿರಜಿನಿಂದ ನೀರಿನ ರೈಲು ಹೊರಟಿತು. ರಾಜಸ್ಥಾನದ ಕೋಟಾದಲ್ಲಿ ಹಬೆಯಿಂದ ತೊಳೆದ ಟ್ಯಾಂಕ್ ವ್ಯಾಗನ್‌ಗಳಿಗೆ ಇಲ್ಲಿ ಕೃಷ್ಣಾ ನದಿಯ ನೀರು ತುಂಬಲಾಯಿತು. ಮೊದಲ ಗಾಡಿಯ ಹತ್ತು ವ್ಯಾಗನ್‌ಗಳಲ್ಲಿ ಸುಮಾರು 5 ಲಕ್ಷ ಲೀಟರ್ ಹೋಯಿತು. ಆಮೇಲೆ ಐವತ್ತು ವ್ಯಾಗನ್‌ಗಳ ಗಾಡಿಗಳು ಓಡಿದವು. ವ್ಯಾಗನ್ನೊಂದರ ನೀರಿನ ತೂಕವೇ ಸುಮಾರು 50 ಟನ್. ಅಚ್ಚಿಗೆ ಐದು ಟನ್ನಿನ ಕಿರುಹಳಿಯೇ ಉಳಿದಿದ್ದರೆ ಈ ವ್ಯಾಗನ್‌ಗಳು ಮಿರಜಿನಾಚೆ ಉರುಳುತ್ತಿರಲಿಲ್ಲ.

ವಿದ್ಯುತ್ ಯುಗ

ಗೇಜು ಒಂದಾದ ಬಳಿಕ ಮಾರ್ಗಗಳ ಮೇಲೆ ವಿದ್ಯುತ್ ತಂತಿ ಬಂತು. 2024ರ ಸೆಪ್ಟೆಂಬರ್‌ನಲ್ಲಿ ಪುಣೆ-ಹುಬ್ಬಳ್ಳಿ ಮತ್ತು ಕೊಲ್ಹಾಪುರ-ಪುಣೆ ವಂದೇ ಭಾರತ್ ಗಾಡಿಗಳು ಆರಂಭವಾದವು. ಹುಬ್ಬಳ್ಳಿಯ ಗಾಡಿ ಸಾಂಗಲಿಯಲ್ಲೂ ಮಿರಜಿನಲ್ಲೂ ನಿಂತು ಬೆಳಗಾವಿಗೆ ಸಾಗುತ್ತದೆ. ಮಿರಜಿನಲ್ಲಿ ಗಾಡಿ ಬದಲಿಸಬೇಕಾಗಿಲ್ಲ.