ವಿಳಾಸ ಬರೆದಿಟ್ಟುಕೊಂಡ ವೈರಸ್

ಮನೆಯ ಗಣಕಯಂತ್ರ ಮಂದವಾದೊಡನೆ ನಾವು ವೈರಸ್ಸನ್ನು ಶಂಕಿಸುತ್ತೇವೆ. ಈ ಶಂಕೆಗೂ ಒಂದು ಇತಿಹಾಸವಿದೆ.

ಐ.ಬಿ.ಎಂ. ಪಿ.ಸಿ.ಗಳನ್ನು ಕಾಡಿದ ಮೊದಲ ವೈರಸ್ 'ಬ್ರೈನ್' 1986ರಲ್ಲಿ ಲಾಹೋರಿನಿಂದ ಹೊರಟಿತು. ಅದನ್ನು ಬರೆದವರು ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಸೋದರರು. ತಮ್ಮ ವೈದ್ಯಕೀಯ ತಂತ್ರಾಂಶವನ್ನು ಕದ್ದು ನಕಲು ಮಾಡುವುದನ್ನು ತಡೆಯುವುದೇ ಉದ್ದೇಶವಾಗಿತ್ತೆಂಬುದು ಅವರ ಸಮರ್ಥನೆ.

ಬ್ರೈನ್ 360 ಕಿಲೋಬೈಟ್ ಫ್ಲಾಪಿಯ ಬೂಟ್ ಸೆಕ್ಟರಿನಲ್ಲಿ ನೆಲೆಸುತ್ತಿತ್ತು. ಅಲ್ಲಿದ್ದ ಮೂಲ ಮಾಹಿತಿಯನ್ನು ಬೇರೆಡೆಗೆ ಸಾಗಿಸಿ, ಆ ಜಾಗ ಕೆಟ್ಟಿದೆಯೆಂದು ಗುರುತು ಹಾಕುತ್ತಿತ್ತು. ಯಾರಾದರೂ ಬೂಟ್ ಸೆಕ್ಟರನ್ನು ಪರೀಕ್ಷಿಸಿದರೆ ಆ ಮೂಲಪ್ರತಿಯನ್ನೇ ಮುಂದಿಡುತ್ತಿತ್ತು! ಹಾರ್ಡ್ ಡಿಸ್ಕನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ವಿಚಿತ್ರವೆಂದರೆ, ಅದರೊಳಗೆ ಸೋದರರ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳೂ ಇದ್ದವು. ನಕಲು ಫ್ಲಾಪಿಗಳ ಬೆನ್ನೇರಿ ಅದು ಅಮೆರಿಕೆಯನ್ನೂ ತಲುಪಿತು. 2011ರಲ್ಲಿ ಫಿನ್ಲೆಂಡಿನ ತಜ್ಞ ಮಿಕ್ಕೊ ಹಿಪ್ಪೊನೆನ್ ಅದೇ ವಿಳಾಸವನ್ನು ಅರಸಿ ಹೋದಾಗ ಬಾಗಿಲು ತೆರೆದವರು ಆ ಸೋದರರೇ.

ಕಳ್ಳರನ್ನು ತಡೆಯಲು ಬಿಟ್ಟ ಕಾವಲುಗಾರ ನಿರಪರಾಧಿಗಳ ಮನೆಯನ್ನೂ ಹೊಕ್ಕಿದ್ದ. ಇಂದು ಹೀಗೆ ನುಗ್ಗುವವರು ವಿಳಾಸ ಬಿಟ್ಟುಹೋಗುವುದಿಲ್ಲ. ಕಡತಗಳಿಗೆ ಬೀಗ ಜಡಿದು ಹಣ ಕೇಳುವವರೂ ಇದ್ದಾರೆ. ಆದ್ದರಿಂದ ಪ್ರಿಯ ಶಿಷ್ಯರೇ, ಮುಖ್ಯವಾದ ಕಡತಗಳ ಪ್ರತಿಯೊಂದನ್ನು ಗಣಕದಿಂದ ಹೊರಗೆ, ಬೇರೆಯಾಗಿ ಇಟ್ಟಿರಿ.