ಆಸ್ಟ್ರೇಲಿಯದ ಬೇಸಗೆಯ ಗಡಿಯಾರಗಳು

ದಕ್ಷಿಣ ಗೋಳಾರ್ಧದಲ್ಲಿ ನೆಲೆಸಿರುವ ಆಸ್ಟ್ರೇಲಿಯಕ್ಕೆ ನಮ್ಮ ಮಾಗಿಯ ತಿಂಗಳುಗಳೇ ಬೇಸಗೆಯಾದುದರಿಂದ, ಹೆಚ್ಚುಕಡಮೆ ನಮ್ಮ ನವರಾತ್ರಿಯ ಹೊತ್ತಿಗೆ, ಅಕ್ಟೋಬರ್ ತಿಂಗಳ ಮೊದಲನೆಯ ಭಾನುವಾರ ಬೆಳಗಿನ ಜಾವ 2 ಗಂಟೆಗೆ ಆ ದೇಶದ ಆಗ್ನೇಯ ಭಾಗದ ಗಡಿಯಾರಗಳೆಲ್ಲ ಒಂದು ಗಂಟೆ ಮುಂದಕ್ಕೆ ಸರಿದು, ಏಪ್ರಿಲ್ ತಿಂಗಳ ಮೊದಲನೆಯ ಭಾನುವಾರದವರೆಗೂ ಹಾಗೆಯೇ ನಡೆಯುತ್ತವೆ. ನ್ಯೂ ಸೌತ್ ವೇಲ್ಸ್, ವಿಕ್ಟೋರಿಯ, ಟಾಸ್ಮೇನಿಯ, ಸೌತ್ ಆಸ್ಟ್ರೇಲಿಯ ರಾಜ್ಯಗಳೂ ರಾಜಧಾನಿ ಕ್ಯಾನ್‌ಬೆರಾದ ಪ್ರದೇಶವೂ ಈ ಪದ್ಧತಿಯನ್ನು ಪಾಲಿಸುತ್ತವೆ. ಕ್ವೀನ್ಸ್‌ಲ್ಯಾಂಡ್, ವೆಸ್ಟರ್ನ್ ಆಸ್ಟ್ರೇಲಿಯ, ನಾರ್ದರ್ನ್ ಟೆರಿಟರಿಗಳು ಪಾಲಿಸುವುದಿಲ್ಲ. ಚಳಿಗಾಲದಲ್ಲಿ 3 ಕಾಲಮಾನಗಳಲ್ಲಿ ನಡೆಯುವ ಭೂಖಂಡವು ಬೇಸಗೆ ಬಂದೊಡನೆ 5 ಕಾಲಮಾನಗಳಾಗಿ ಒಡೆಯುತ್ತದೆ. ಇದನ್ನು ಅವ್ಯವಸ್ಥೆಯೆಂದು ಹಳಿಯುವವರು ಆ ದೇಶದಲ್ಲಿಯೇ ಉಂಟು. ಆದರೆ ಇದರ ಚರಿತ್ರೆಯನ್ನು ಸಾವಧಾನವಾಗಿ ನೋಡಿದರೆ, ಪ್ರತಿಯೊಂದು ಪ್ರಾಂತವೂ ತನ್ನ ಆಕಾಶದ ಸೂರ್ಯನನ್ನೂ ತನ್ನ ಜನರ ದುಡಿಮೆಯನ್ನೂ ಲಕ್ಷಿಸಿಯೇ ತೀರ್ಮಾನಿಸಿತೆಂಬುದು ಮನದಟ್ಟಾಗುತ್ತದೆ.

ಈ ಕ್ರಮಕ್ಕೆ ಮೊದಲು ಕೈಹಾಕಿದುದು ದಕ್ಷಿಣದ ತುದಿಯ ದ್ವೀಪವಾದ ಟಾಸ್ಮೇನಿಯ. ಮೊದಲನೆಯ ಮಹಾಯುದ್ಧದ ನಡುವೆ, 1916ರ ಅಕ್ಟೋಬರಿನಲ್ಲಿ, ಅದು ಗಡಿಯಾರವನ್ನು ಮುಂದಿಟ್ಟಿತು. 1917ರ ಆರಂಭದಲ್ಲಿ ದೇಶವೆಲ್ಲ ಅದನ್ನು ಅನುಸರಿಸಿತಾದರೂ, ಒಂದೇ ಬೇಸಗೆ ಕಳೆಯುವಷ್ಟರಲ್ಲಿ ಕೇಂದ್ರದ ಆ ಕಾಯಿದೆ ರದ್ದಾಯಿತು. ಎರಡನೆಯ ಯುದ್ಧದಲ್ಲಿ, 1942ರಿಂದ 1944ರವರೆಗಿನ ಬೇಸಗೆಗಳಲ್ಲಿ, ಅದೇ ಪ್ರಯೋಗ ಮತ್ತೆ ನಡೆಯಿತು. ನಮ್ಮ ದೇಶದ ಗಡಿಯಾರಗಳೂ 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ ಒಂದು ಗಂಟೆ ಮುಂದಿದ್ದುದನ್ನು ಹಿರಿಯರು ಬಲ್ಲರು. ಯುದ್ಧವು ಮುಗಿದ ಬಳಿಕ ಈ ಪದ್ಧತಿಗೆ ಮರುಜನ್ಮವನ್ನಿತ್ತುದು ಅನಾವೃಷ್ಟಿ. ವಿದ್ಯುತ್ತಿಗಾಗಿ ಜಲಾಶಯಗಳನ್ನೇ ನಂಬಿದ್ದ ಟಾಸ್ಮೇನಿಯದಲ್ಲಿ ಮಳೆ ಕೈಕೊಟ್ಟು ನೀರು ಇಳಿದಾಗ, ಸಂಜೆಯ ದೀಪಗಳ ಖರ್ಚನ್ನು ತಗ್ಗಿಸಲೆಂದು 1967ರಲ್ಲಿ ಅದು ತಾನಾಗಿಯೇ ಬೇಸಗೆಯ ಕಾಲಮಾನಕ್ಕೆ ಮರಳಿತು. 1971ರಲ್ಲಿ ನೆರೆಯ ರಾಜ್ಯಗಳೂ ಅದರೊಡನೆ ಸೇರಿದುವು; ಕ್ವೀನ್ಸ್‌ಲ್ಯಾಂಡ್ ಕೂಡ ಸೇರಿ, ಮರುವರ್ಷವೇ ಹಿಂದೆ ಸರಿಯಿತು.

ಕ್ವೀನ್ಸ್‌ಲ್ಯಾಂಡಿನ ಈ ಹಿಂಜರಿತವನ್ನು ಹಳ್ಳಿಗರ ಹಟವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಡಿಸೆಂಬರಿನಲ್ಲಿ ಟಾಸ್ಮೇನಿಯದ ಹೋಬಾರ್ಟ್ ನಗರದ ಹಗಲು 15 ಗಂಟೆಗೂ ಮಿಕ್ಕಿರುತ್ತದೆ; ಉಷ್ಣವಲಯದೊಳಗಿನ ಕೇರ್ನ್ಸ್ ಪಟ್ಟಣದಲ್ಲಿ ಅದು 13 ಗಂಟೆಯನ್ನು ದಾಟುವುದೇ ಅಲ್ಪ. ಮೂಡಣ ಕರಾವಳಿಯ ಬ್ರಿಸ್ಬೇನಿನಲ್ಲಿ ಬೇಸಗೆಯ ಸೂರ್ಯ 4 ಗಂಟೆ 45 ನಿಮಿಷದ ಸುಮಾರಿಗೇ ಮೂಡುವುದರಿಂದ, ಊರು ಏಳುವುದಕ್ಕೆ ಮೊದಲೇ ಬೆಳಕು ವ್ಯರ್ಥವಾಗುತ್ತದೆಂಬ ಅಲ್ಲಿನವರ ಕೊರಗು ಸಹಜವೇ. ಆದರೆ ಅದೇ ರಾಜ್ಯದ ಪಶ್ಚಿಮದಂಚಿನಲ್ಲಿರುವ ಮೌಂಟ್ ಐಸಾ ಎಂಬ ಗಣಿಯ ಊರು, 150 ಡಿಗ್ರಿ ರೇಖಾಂಶದ ಕಾಲವನ್ನು ಅನುಸರಿಸುವುದರಿಂದ, ಈಗಾಗಲೇ ತನ್ನ ಸೂರ್ಯನಿಗಿಂತ ಸುಮಾರು 40 ನಿಮಿಷ ಮುಂದಿದೆ. ಅದರ ಮೇಲೆ ಇನ್ನೊಂದು ಗಂಟೆಯನ್ನು ಹೇರಿದರೆ, ನೆತ್ತಿಯ ಬಿಸಿಲು ಇಳಿಯುವ ಮುನ್ನವೇ ಮಕ್ಕಳು ಶಾಲೆಯಿಂದ ಮನೆಗೆ ನಡೆಯಬೇಕು, ಹಾಸಿಗೆ ಸೇರುವ ಹೊತ್ತಿಗೂ ಮನೆಯ ಕಾವು ಆರಿರದು. ಹೊತ್ತು ಮುಳುಗುವುದನ್ನೇ ತಂಪಿಗಾಗಿ ಕಾಯುವ ಜನಕ್ಕೆ ಸಂಜೆಯ ಬೆಳಕು ಉಡುಗೊರೆಯಾಗುವುದೆಂತು? 1989ರಿಂದ ಮೂರು ಬೇಸಗೆ ಪ್ರಯೋಗವನ್ನು ನಡೆಸಿ, 1992ರ ಫೆಬ್ರವರಿ 22ರಂದು ಸರಕಾರವು ಜನಮತವನ್ನು ಕೇಳಿದಾಗ, ಆಗ್ನೇಯದ ನಗರಗಳು ಬೇಕೆಂದುವು, ಉತ್ತರ ಪಶ್ಚಿಮಗಳು ಬೇಡವೆಂದುವು, ಶೇಕಡ 54.5ರಷ್ಟು ಮತಗಳು ವಿರುದ್ಧವಾಗಿ ಬಿದ್ದುವು.

ಇದರ ಫಲವನ್ನು ಕಣ್ಣಾರೆ ಕಾಣಬೇಕೆನ್ನುವವರು ಕ್ವೀನ್ಸ್‌ಲ್ಯಾಂಡಿನ ಕೂಲಂಗಾಟ, ನ್ಯೂ ಸೌತ್ ವೇಲ್ಸಿನ ಟ್ವೀಡ್ ಹೆಡ್ಸ್ ಎಂಬ ಅವಳಿ ಊರುಗಳಿಗೆ ಹೋಗಬೇಕು. ಎರಡರ ನಡುವಣ ಗಡಿ ಬೌಂಡರಿ ಸ್ಟ್ರೀಟ್ ಎಂಬ ಬೀದಿ. ಬೇಸಗೆಯಲ್ಲಿ ಅದರ ಒಂದು ಮಗ್ಗುಲಿನ ಅಂಗಡಿಗಳಲ್ಲಿ 9 ಗಂಟೆಯಾಗಿದ್ದರೆ ಎದುರು ಮಗ್ಗುಲಿನಲ್ಲಿ 8. ಇಲ್ಲಿ ವಾಸಿಸಿ ಅಲ್ಲಿ ನೌಕರಿ ಮಾಡುವ ತಾಯ್ತಂದೆಗಳು ಮಕ್ಕಳ ಶಾಲೆಯ ಗಂಟೆಯನ್ನೂ ತಮ್ಮ ಕಚೇರಿಯ ಗಂಟೆಯನ್ನೂ ಬೇರೆಬೇರೆಯಾಗಿ ಲೆಕ್ಕವಿಡಬೇಕು. ಹೊಸವರ್ಷದ ನಡುರಾತ್ರಿಯಂತೂ ಒಂದು ಗಂಟೆಯ ಅಂತರದಲ್ಲಿ ಎರಡು ಬಾರಿ ಬರುತ್ತದೆ. ಬ್ರೋಕನ್ ಹಿಲ್ ಎಂಬ ಬೆಳ್ಳಿ ಸೀಸಗಳ ಗಣಿಪಟ್ಟಣವು ನ್ಯೂ ಸೌತ್ ವೇಲ್ಸಿಗೆ ಸೇರಿದುದಾದರೂ, ಅದರ ಅದಿರು ರೈಲಿನಲ್ಲಿ ಸಾಗುತ್ತಿದ್ದುದು ಸೌತ್ ಆಸ್ಟ್ರೇಲಿಯದ ಪೋರ್ಟ್ ಪಿರೀ ರೇವಿಗಾದುದರಿಂದ, ಇಂದಿಗೂ ಅದು ಅಡಿಲೇಡಿನ ಕಾಲವನ್ನೇ ಪಾಲಿಸುತ್ತಿದೆ. ಸಾಗರಮಧ್ಯದ ಲಾರ್ಡ್ ಹೌ ದ್ವೀಪದವರು ಬೇಸಗೆಗೆಂದು ಮುಂದಿಡುವುದು ಅರ್ಧ ಗಂಟೆಯನ್ನು ಮಾತ್ರ.

ವೆಸ್ಟರ್ನ್ ಆಸ್ಟ್ರೇಲಿಯದ ಜನತೆ 1975, 1984, 1992, 2009ರಲ್ಲಿ, ನಾಲ್ಕು ಸಲವೂ, ಬೇಡವೆಂದೇ ಮತವಿತ್ತಿತು. ನ್ಯೂ ಸೌತ್ ವೇಲ್ಸಿನವರು 1976ರಲ್ಲಿ ಬಹುಮತದಿಂದ ಬೇಕೆಂದರು. ಏಕರೂಪತೆಯ ಹೆಸರಿನಲ್ಲಿ ಒಬ್ಬರ ಬೆಳಗನ್ನು ಇನ್ನೊಬ್ಬರ ಮೇಲೆ ಹೊರಿಸದೆ, ಜನರನ್ನೇ ಕೇಳಿ ನಡೆದ ಈ ರಾಜ್ಯಗಳ ರೀತಿ ನನಗೆ ಗೌರವಾರ್ಹವಾಗಿ ತೋರುತ್ತದೆ. ಬೀದಿ ದಾಟುವವರ ತೊಡಕು ಅದಕ್ಕೆ ತೆರಬೇಕಾದ ಬೆಲೆ, ಅತಿಯಾದ ಬೆಲೆಯೇನಲ್ಲ. ಆ ದೇಶದಲ್ಲಿ ಮಕ್ಕಳು ಮೊಮ್ಮಕ್ಕಳಿರುವ ಕನ್ನಡಿಗರು ಮಾತ್ರ ದೂರವಾಣಿಯನ್ನೆತ್ತುವ ಮುನ್ನ ಊರನ್ನು ನೆನೆದುಕೊಳ್ಳುವುದೊಳ್ಳೆಯದು: ಬ್ರಿಸ್ಬೇನ್ ವರ್ಷವಿಡೀ ನಮಗಿಂತ ನಾಲ್ಕೂವರೆ ಗಂಟೆ ಮುಂದೆ, ಪರ್ತ್ ಎರಡೂವರೆ ಗಂಟೆ, ಸಿಡ್ನಿ ಮೆಲ್ಬರ್ನ್‌ಗಳಾದರೆ ಅಕ್ಟೋಬರಿನಿಂದ ಏಪ್ರಿಲಿನವರೆಗೆ ಐದೂವರೆ ಗಂಟೆ ಮುಂದಿರುತ್ತವೆ.